ನವೆಂಬರ್ 1ರ ‘ಇತಿಹಾಸದಲ್ಲಿ ಈ ದಿನ’ ಪುಟ ಮಾಡುವುದು ಹೇಗೆ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಶಾಲೆಯ ಗೋಡೆ ಪತ್ರಿಕೆಗೆ ಇಂಥದ್ದೊಂದು ಪುಟ ಬೇಕೇ ಬೇಕು. ಸುಮ್ನೆ ಇಸವಿ, ಪಕ್ಕದಲ್ಲೊಂದು ಸಾಲು ಬರೆದರೆ ಯಾರೂ ನಿಂತು ಓದುವುದಿಲ್ಲ. ಆ ದಿನ ಯಾವ ಊರಿನ ಜನಕ್ಕೆ ಏನು ಬದಲಾಯಿತು ಅನ್ನುವುದು ಪುಟದಲ್ಲಿ ಕಾಣಬೇಕು.

ಮೊದಲು ಇಸವಿಗಳನ್ನು ಆರಿಸಿಕೊಳ್ಳಿ. ಮೂರು ಸಾಕು: 1956, 1973, 2014.

ಆಮೇಲೆ ಆಗಿನ ಹೆಸರು ಸರಿಯಾಗಿದೆಯಾ ನೋಡಿ. 1956ರಲ್ಲಿ ಕನ್ನಡ ನಾಡು ಒಂದಾದಾಗ ಅದರ ಹೆಸರು ಮೈಸೂರು ರಾಜ್ಯ. ಕರ್ನಾಟಕ ಎಂದಾದದ್ದು 17 ವರ್ಷದ ನಂತರ, 1973ರ ನವೆಂಬರ್ 1ರಂದು. ಆಗ ಮುಖ್ಯಮಂತ್ರಿ ದೇವರಾಜ ಅರಸು. ಎರಡನ್ನೂ ಒಂದೇ ಸಾಲಿನಲ್ಲಿ ಕಲಸಬೇಡಿ.

ಜಾಸ್ತಿ ಜಾಗ 1956ಕ್ಕೇ ಕೊಡಿ. ಮಕ್ಕಳಿಂದ ಒಂದು ನಕ್ಷೆ ಬರೆಸಿ. ಹಳೆ ಮೈಸೂರಿಗೆ ಒಂದು ಬಣ್ಣ. ಮುಂಬೈ ರಾಜ್ಯದಿಂದ ಬಂದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಕ್ಕೆ ಇನ್ನೊಂದು. ಹೈದರಾಬಾದಿನಿಂದ ಬಂದ ಬೀದರ್, ಗುಲ್ಬರ್ಗ, ರಾಯಚೂರಿಗೆ ಮತ್ತೊಂದು. ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಬಂದವು. ಕೊಡಗು ಅಲ್ಲಿಯವರೆಗೆ ತಾನೇ ಒಂದು ರಾಜ್ಯವಾಗಿತ್ತು. ಬಳ್ಳಾರಿಯನ್ನು ಮಾತ್ರ ಈ ದಿನದ ಲೆಕ್ಕಕ್ಕೆ ಹಾಕಬೇಡಿ. ಆ ಜಿಲ್ಲೆಯ ಹೆಚ್ಚಿನ ಭಾಗ 1953ರ ಅಕ್ಟೋಬರ್ 1ರಂದೇ, ಆಂಧ್ರ ರಾಜ್ಯ ಹುಟ್ಟಿದಾಗ, ಮೈಸೂರಿಗೆ ಸೇರಿತ್ತು.

ಹೊರಗೆ ಉಳಿದದ್ದನ್ನೂ ಬರೆಯಿರಿ. ಕಾಸರಗೋಡು ತಾಲ್ಲೂಕು ಅದೇ ದಿನ ಕೇರಳಕ್ಕೆ ಹೋಯಿತು. ಬೆಳಗಾವಿ ಜಿಲ್ಲೆಯ ಚಂದಗಡ ಮುಂಬೈ ರಾಜ್ಯದಲ್ಲೇ ಉಳಿಯಿತು. ನಾವು ಬಾವುಟ ಹಾರಿಸುವ ದಿನವೇ ಕಾಸರಗೋಡಿನ ಕನ್ನಡಿಗರು ತಾಯಿನಾಡಿನಿಂದ ಬೇರೆಯಾದ ದಿನ ಅಲ್ವಾ? ಅವರಿಗೊಂದು ಸಾಲು ಇಲ್ಲದ ರಾಜ್ಯೋತ್ಸವದ ಪುಟ ನನಗಂತೂ ಅರ್ಧ ಅನ್ನಿಸುತ್ತದೆ.

ಇನ್ನು ವ್ಯಕ್ತಿಗಳು. 1956ರ ಅಕ್ಟೋಬರ್ 31ರವರೆಗೆ ಮುಖ್ಯಮಂತ್ರಿ ಕಡಿದಾಳ್ ಮಂಜಪ್ಪ. ಮರುದಿನದಿಂದ ಎಸ್. ನಿಜಲಿಂಗಪ್ಪ. ಅಲ್ಲಿಯವರೆಗೆ ರಾಜಪ್ರಮುಖರಾಗಿದ್ದ (ಅಂದರೆ ರಾಜ್ಯಪಾಲರಂತೆ ಹಳೆ ಮೈಸೂರು ರಾಜ್ಯದ ಮುಖ್ಯಸ್ಥರಾಗಿದ್ದ) ಜಯಚಾಮರಾಜ ಒಡೆಯರ್ ಹೊಸ ರಾಜ್ಯದ ರಾಜ್ಯಪಾಲರಾದರು. ಮೂವರ ಫೋಟೋ ಅಕ್ಕಪಕ್ಕ ಅಂಟಿಸಿದರೆ ಆ ಒಂದು ರಾತ್ರಿಯ ಬದಲಾವಣೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

2014ಕ್ಕೆ ಒಂದು ಸಾಲು ಸಾಕು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ವಿಜಯಪುರ ಸೇರಿ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರದಂತೆಯೇ ಬರೆಯುವುದು ಜಾರಿಗೆ ಬಂತು.

ಅಂಟಿಸುವ ಮೊದಲು ತಾರೀಕುಗಳನ್ನು ತಾಳೆ ನೋಡಿ. ಕಾಯ್ದೆ ಆದ ದಿನ ಬೇರೆ, ಜಾರಿಗೆ ಬಂದ ದಿನ ಬೇರೆ. 1956ರಲ್ಲಿ ರಾಜ್ಯಗಳ ಗಡಿ ಬದಲಿಸಿದ ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ಕ್ಕೆ. ಗ್ರಂಥಾಲಯದಲ್ಲಿ ಹಳೆ ಪತ್ರಿಕೆ ಹುಡುಕುವವರು ನವೆಂಬರ್ 2ರ ಸಂಚಿಕೆ ಕೇಳಿ. 1ನೇ ತಾರೀಕಿನ ಸಮಾರಂಭದ ಸುದ್ದಿ ಅಚ್ಚಾಗುವುದು ಮರುದಿನ.

ಪುಟದ ಕೆಳಗೆ ಸ್ವಲ್ಪ ಜಾಗ ಖಾಲಿ ಬಿಡಿ. 1956ಕ್ಕೆ ಮೊದಲು ನಮ್ಮ ಊರು ಯಾವ ರಾಜ್ಯದಲ್ಲಿತ್ತು, ಶಾಲೆಯಲ್ಲಿ ಯಾವ ಭಾಷೆ ಕಲಿಸುತ್ತಿದ್ದರು ಅಂತ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಅಲ್ಲಿ ಬರೆಯಲಿ. ಹಿರಿಯರು ಹೇಳಿದ ಇಸವಿಯನ್ನು ಮಾತ್ರ ಜಿಲ್ಲಾ ಗ್ಯಾಸೆಟಿಯರ್ (ಜಿಲ್ಲೆಯ ಇತಿಹಾಸ, ವಿವರಗಳಿರುವ ಸರ್ಕಾರಿ ಪುಸ್ತಕ) ಜೊತೆ ಒಮ್ಮೆ ಹೋಲಿಸಿ ನೋಡಿ.