ಕ್ಲೇಮ್ 31ರ ಪಕ್ಕದಲ್ಲಿ 1995ರ ಪ್ರಬಂಧ ಇಟ್ಟು ಓದಿದ್ದು

ಪೇಟೆಂಟ್ ಸರ್ಚ್ ಕೆಲಸಕ್ಕೆ, ಅಂದರೆ ಪೇಟೆಂಟಿನಲ್ಲಿರುವುದು ಅದಕ್ಕೂ ಮೊದಲೇ ಎಲ್ಲಾದರೂ ಇತ್ತೇ ಅಂತ ಹುಡುಕುವ ಕೆಲಸಕ್ಕೆ, ಸೇರಿದ ಹೊಸದರಲ್ಲಿ, ಹಳೆಯ ಸಾಫ್ಟ್‌ವೇರ್ ಒಂದು ಕ್ಲೇಮಿನ (ಪೇಟೆಂಟ್ ಹಕ್ಕು ಕೇಳುವ ಅಂಶದ) ಹಾಗೆ ಕಂಡರೆ ಸಾಕು, ‘ಸಿಕ್ಕಿತು’ ಅಂದುಬಿಡುತ್ತಿದ್ದೆ. ಆ ಚಾಳಿ ಬಿಡಿಸಿದ್ದು ಅಮೆರಿಕದ 8,112,504 ನಂಬರಿನ ಪೇಟೆಂಟ್. ಪಾಡ್‌ಕಾಸ್ಟ್ ಮಾಡುವವರ ಮೇಲೆ ಪರ್ಸನಲ್ ಆಡಿಯೋ ಕಂಪನಿ ದಾವೆ ಹೂಡಿದ್ದು ಇದನ್ನಿಟ್ಟುಕೊಂಡೇ. 2015ರಲ್ಲಿ ಇದರ 31ರಿಂದ 35ರವರೆಗಿನ ಕ್ಲೇಮುಗಳನ್ನು ಅಲ್ಲಿನ ಪೇಟೆಂಟ್ ಮಂಡಳಿ ತಳ್ಳಿಹಾಕಿತು. ತೀರ್ಪು ಓದುವ ಮೊದಲು, ಅದಕ್ಕೆ ಆಧಾರವಾದ ಹಳೆಯ ಪ್ರಬಂಧವನ್ನು ಕ್ಲೇಮ್ 31ರ ಜೊತೆ ನಾನೇ ಹೋಲಿಸಿ ನೋಡೋಣ ಅಂತ ಕೂತೆ.

ಮೊದಲು ತಾರೀಖು. ಪೇಟೆಂಟಿನ ಪ್ರಯಾರಿಟಿ, ಅಂದರೆ ಅದರ ಹಕ್ಕು ಲೆಕ್ಕಕ್ಕೆ ಬರುವ ತಾರೀಖು, 1996ರ ಅಕ್ಟೋಬರ್. ಸಿಎನ್‌ಎನ್ ನ್ಯೂಸ್‌ರೂಮ್ ಕಾರ್ಯಕ್ರಮವನ್ನು ಇಂಟರ್‌ನೆಟ್ಟಿಗೆ ತಂದ ಬಗೆ ವಿವರಿಸುವ ಎಂಐಟಿ ಪ್ರಬಂಧ 1995ರದ್ದು. ಅಲ್ಲಿ ತೊಡಕಿಲ್ಲ.

ಆಮೇಲೆ ಪ್ರಬಂಧ ಮುಚ್ಚಿಟ್ಟು ಬರೀ ಕ್ಲೇಮ್ ಓದಿದೆ. ಪ್ರಬಂಧ ಎದುರಿಗಿದ್ದರೆ ಕ್ಲೇಮಿನ ಪದಗಳು ತಾವಾಗಿಯೇ ಅದರ ಕಡೆ ವಾಲುತ್ತವೆ. ನನ್ನ ಹಳೆಯ ತಪ್ಪುಗಳೆಲ್ಲ ಹುಟ್ಟಿದ್ದು ಅಲ್ಲೇ. ‘ಎಪಿಸೋಡ್’ ಅಂದರೆ ಇಡೀ ಕಾರ್ಯಕ್ರಮವೋ, ಸರಣಿಯ ಒಂದು ತುಣುಕೋ? ಪೇಟೆಂಟಿನ ವಿವರಣೆ ನೋಡಿ ಅರ್ಥ ಬರೆದಿಟ್ಟುಕೊಂಡೆ. ಕ್ಲೇಮನ್ನು ತುಂಡು ತುಂಡು ಮಾಡಿದೆ: ಎಪಿಸೋಡುಗಳ ಮೀಡಿಯಾ ಫೈಲುಗಳು, ಹೊಸದು ಬಂದ ಹಾಗೆ ಅಪ್‌ಡೇಟ್ ಆಗುವ ಕಂಪೈಲೇಶನ್ ಫೈಲ್ (ಎಪಿಸೋಡುಗಳ ಪಟ್ಟಿ), ಅದರೊಳಗೆ ಎಪಿಸೋಡುಗಳ ಯುಆರ್‌ಎಲ್ (ವೆಬ್ ವಿಳಾಸ), ಆ ಫೈಲಿಗೇ ಮೊದಲೇ ಗೊತ್ತುಮಾಡಿದ ಒಂದು ಯುಆರ್‌ಎಲ್.

ಇಷ್ಟಾದ ಮೇಲೆ ಪ್ರಬಂಧ ತೆರೆದು ಒಂದೊಂದರ ಎದುರೂ ಪುಟ ಸಂಖ್ಯೆ ಬರೆಯುತ್ತ ಹೋದೆ. ಸುದ್ದಿಯ ವಿಡಿಯೋ ತುಣುಕುಗಳಿದ್ದವು. ಅವಕ್ಕೆ ಲಿಂಕ್ ಕೊಡುವ ಪರಿವಿಡಿ ಪುಟವೂ ಇತ್ತು. ಕೊನೆಯ ತುಂಡಿನಲ್ಲಿ ತಡವರಿಸಿದೆ. ಪರಿವಿಡಿ ದಿನಕ್ಕೊಂದು ವಿಳಾಸದಲ್ಲಿದ್ದರೆ, ಉಳಿದೆಲ್ಲ ಹೊಂದಿದರೂ ಆಂಟಿಸಿಪೇಶನ್ (ಇಡೀ ಕ್ಲೇಮು ಒಂದೇ ಹಳೆಯ ದಾಖಲೆಯಲ್ಲಿ ಮೊದಲೇ ಇತ್ತು ಅನ್ನುವ ವಾದ) ನಿಲ್ಲುವುದಿಲ್ಲ. ಮತ್ತೆ ಮೊದಲಿನಿಂದ ಓದಿದಾಗ ಪರಿವಿಡಿಗೆ ಕಾಯಂ ವಿಳಾಸ ಇದ್ದದ್ದು ಸಿಕ್ಕಿತು. ಆಗಲೇ ಪೆನ್ನು ಕೆಳಗಿಟ್ಟೆ.

ತೀರ್ಪಿನಲ್ಲಿ ನನಗೆ ಹೆಚ್ಚು ಕಲಿಸಿದ್ದು ಇನ್ನೊಂದು ದಾಖಲೆ. ಕೆನಡಾದ ಸಿಬಿಸಿ ರೇಡಿಯೋ ಕಾರ್ಯಕ್ರಮಗಳನ್ನು ಇಂಟರ್‌ನೆಟ್ಟಿಗೆ ಹಾಕಿದ ಪ್ರಯೋಗದ ಲೇಖನ ಅದು. ರೇಡಿಯೋ ಆದ್ದರಿಂದ ಪಾಡ್‌ಕಾಸ್ಟಿಗೆ ಇದೇ ಹತ್ತಿರ ಅಂತ ನಾನಾಗಿದ್ದರೆ ಇದನ್ನೇ ಮುಂದಿಡುತ್ತಿದ್ದೆ. ಆದರೆ ಸಿಎನ್‌ಎನ್ ಪ್ರಬಂಧಕ್ಕೆ ಆಂಟಿಸಿಪೇಶನ್ ಅಂದ ಮಂಡಳಿ, ಸಿಬಿಸಿ ವಿಷಯದಲ್ಲಿ ಆಬ್ವಿಯಸ್‌ನೆಸ್ (ಹಳೆಯದನ್ನು ಬಲ್ಲ ಎಂಜಿನಿಯರಿಗೆ ತಾನಾಗಿ ಹೊಳೆಯುವಂಥದ್ದು) ಅಂದಿತು. 2017ರಲ್ಲಿ ಮೇಲ್ಮನವಿ ಕೋರ್ಟೂ ಮಂಡಳಿಯ ತೀರ್ಪನ್ನು ಎತ್ತಿಹಿಡಿಯಿತು.

ಆಂಟಿಸಿಪೇಶನ್ ಅನ್ನಬೇಕಾದರೆ ಎಲ್ಲ ತುಂಡುಗಳೂ ಒಂದೇ ದಾಖಲೆಯಲ್ಲಿ, ಕ್ಲೇಮಿನಲ್ಲಿ ಜೋಡಿಸಿದ ಹಾಗೆಯೇ ಇರಬೇಕು. ‘ಆಗಿನ ಎಂಜಿನಿಯರಿಗೆ ಇಷ್ಟು ಹೊಳೆಯುತ್ತಿರಲಿಲ್ಲವೇ’ ಅಂತ ಸೇರಿಸಿದರೆ ಅದು ಆಬ್ವಿಯಸ್‌ನೆಸ್ ವಾದ. ಈಗ ಕ್ಲೇಮಿನ ತುಂಡುಗಳ ಎದುರು ಪುಟ ಸಂಖ್ಯೆ ಬರೆಯುವ ಚಾರ್ಟಿನಲ್ಲಿ ಒಂದು ಮನೆ ಖಾಲಿ ಉಳಿದರೆ ಹಾಗೆಯೇ ಬಿಟ್ಟು, ಕೆಂಪು ಬಣ್ಣ ಹಚ್ಚಿ, ವಕೀಲರಿಗೆ ಕಳಿಸುತ್ತೇನೆ.