"ಏನಾದ್ರೂ ಬೇಕಾದ್ರೆ ಹೇಳಿ" ಅನ್ನೋದನ್ನ ಬಿಟ್ಟ ಮೇಲೆ

ಭಾನುವಾರ ಬೆಳಗ್ಗೆ ನಮ್ಮ ಮನೆ ನೋಡಬೇಕು ನೀವು. ಒಬ್ಬರದಾದರೂ ಒಂದು ಸಾಕ್ಸ್ ಸಿಗುವುದಿಲ್ಲ. ಮಗನ ಬಿಳಿ ಷರ್ಟಿನ ಮೇಲೆ ಹೋದ ವಾರದ ಸಾರಿನ ಕಲೆ ಹಾಗೇ ಇರುತ್ತದೆ. ಚರ್ಚಿನ ಸಭೆ ಶುರುವಾಗುವುದು 9ಕ್ಕೆ. ನಾವು 8.58ಕ್ಕೆ ಪಕ್ಕದ ಬಾಗಿಲಿಂದ ನುಗ್ಗಿ ಹಿಂದಿನ ಬೆಂಚು ಹಿಡಿಯುತ್ತೇವೆ. ನನ್ನ ಚೀಲದಲ್ಲಿ ಬೈಬಲ್ ಇರುತ್ತೋ ಇಲ್ಲವೋ, ಚಿಕ್ಕವನು ತಿನ್ನುವ ಚೀರಿಯೋಸ್ ಅನ್ನುವ ಸೀರಿಯಲ್ ಡಬ್ಬಿಯಂತೂ ಇದ್ದೇ ಇರುತ್ತದೆ. ಯೇಸುವಿನ ನೆನಪಿಗೆ ಬ್ರೆಡ್ಡಿನ ಚೂರು, ಪುಟ್ಟ ಲೋಟದಲ್ಲಿ ನೀರು ಸಾಲುಸಾಲಾಗಿ ಹಂಚುವಾಗ ಸಭೆಯಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಡಬ್ಬಿ ಕೈಜಾರಿ ಬೀಳುವುದು ಸರಿಯಾಗಿ ಆಗಲೇ. ಈಗ ಹಂಚುವ ಹುಡುಗರಲ್ಲಿ ನನ್ನ ಎರಡನೆಯವನೂ ಒಬ್ಬ. 12 ವರ್ಷ. ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದಾಗ ನನ್ನ ಮುಖ ನೋಡುವುದೇ ಇಲ್ಲ, ನಗು ಬಂದುಬಿಡುತ್ತದೆ ಅಂತ.

ನಾವಿರುವುದು ಅಮೆರಿಕದ ಯೂಟಾದಲ್ಲಿ, ಸಾಲ್ಟ್ ಲೇಕ್ ಕಣಿವೆಯ ದಕ್ಷಿಣದ ಕಡೆ. ನಮ್ಮದು ಜನ ಮಾರ್ಮನ್ ಅನ್ನುವ ಚರ್ಚು. ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರೇ ಹೇಳಿ ಅಂತ 2018ರಲ್ಲಿ ನಮ್ಮ ದೊಡ್ಡವರು ಕೇಳಿಕೊಂಡರು. ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಫೋನಲ್ಲಿ ಅಮ್ಮನಿಗೆ ಅಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ಅವರ ಧಾರಾವಾಹಿ ಶುರುವಾಗಿರುತ್ತದೆ. ನಾನು ಸೇರಿದ್ದು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ. ಹೇಗೆ, ಯಾಕೆ ಅನ್ನೋದು ಬೇರೆ ಕಥೆ. ಚರ್ಚಿಗೆ ಸೇರಿದ್ದನ್ನು ಅಮ್ಮ ಹೇಗೋ ನುಂಗಿಕೊಂಡರು. ಕಾಫಿ ಬಿಟ್ಟಿದ್ದನ್ನು ಮಾತ್ರ ಇವತ್ತಿಗೂ ಒಪ್ಪಿಲ್ಲ. ನಮ್ಮಲ್ಲಿ ಕಾಫಿ, ಟೀ, ಮದ್ಯ, ತಂಬಾಕು ಯಾವುದೂ ಇಲ್ಲ.

ಇಲ್ಲಿ ಸಂಬಳದ ಪಾದ್ರಿ ಇರುವುದಿಲ್ಲ. ಒಂದು ಬಡಾವಣೆಯ ಜನ ಸೇರಿದರೆ ಒಂದು ವಾರ್ಡ್. ಅದನ್ನು ನೋಡಿಕೊಳ್ಳುವ ಬಿಷಪ್ ವಾರವೆಲ್ಲ ತನ್ನ ಕೆಲಸಕ್ಕೆ ಹೋಗಿ ಬರುವ ಸಾಮಾನ್ಯ ಮನುಷ್ಯ. ಪಾಠ ಹೇಳುವವರು, ಪಿಯಾನೋ ನುಡಿಸುವವರು ಎಲ್ಲರೂ ಬಿಟ್ಟಿ ಕೆಲಸದವರೇ. ಶನಿವಾರ ಸರದಿಯ ಮೇಲೆ ಚರ್ಚಿನ ಕಸ ಹೊಡೆಯುವವರೂ ನಾವೇ. ಬೆಂಚಿನ ಕೆಳಗೆ ವ್ಯಾಕ್ಯೂಮ್ ಹಾಕುವಾಗ ಬರುವ ಚೀರಿಯೋಸ್ ಯಾರ ಮನೆಯದು ಅಂತ ನನಗೆ ಗೊತ್ತು. ಯಾರಿಗೆ ಯಾವ ಕೆಲಸ ಅನ್ನುವುದನ್ನು ನಾವು ಆರಿಸಿಕೊಳ್ಳುವುದಿಲ್ಲ, ಬಿಷಪ್ಪರ ಕಡೆಯವರೇ ಕರೆದು ಕೇಳುತ್ತಾರೆ. ಇದಕ್ಕೆ ಕಾಲಿಂಗ್ ಅನ್ನುತ್ತಾರೆ. ನನ್ನನ್ನು ಮೊದಲು ಹಾಕಿದ್ದು ನರ್ಸರಿಗೆ, ಅಂದರೆ ಒಂದೂವರೆಯಿಂದ ಮೂರು ವರ್ಷದ ಮಕ್ಕಳ ಕೋಣೆಗೆ. ಆಮೇಲೆ ರಿಲೀಫ್ ಸೊಸೈಟಿಯಲ್ಲಿ ಊಟದ ಉಸ್ತುವಾರಿ ಕೊಟ್ಟರು. ರಿಲೀಫ್ ಸೊಸೈಟಿ ಅಂದರೆ ಹೆಂಗಸರ ಸಂಘ, 1842ರಲ್ಲಿ ಇಲಿನಾಯ್‌ನ ನೌವೂ ಅನ್ನುವ ಊರಲ್ಲಿ ಶುರುವಾಗಿದ್ದು. ವಾರ್ಡಿನಲ್ಲಿ ಹೆರಿಗೆ, ಆಪರೇಷನ್, ಸಾವು ಏನಾದರೂ ಆ ಮನೆಗೆ ಊಟ ಕಳಿಸುವ ಏರ್ಪಾಡು ನನ್ನದು.

ಈ ಕೆಲಸ ನಾನು ಕಲಿತದ್ದು ಮಾಡಿ ಅಲ್ಲ, ಮಾಡಿಸಿಕೊಂಡು. 2018ರ ನವೆಂಬರಲ್ಲಿ ಮೂರನೆಯವನು ಹುಟ್ಟಿದ. ಅಮ್ಮ ಬಾಣಂತನಕ್ಕೆ ಬಂದಿದ್ದರು, ಸೂಟ್‌ಕೇಸಿನಲ್ಲಿ ಫಿಲ್ಟರ್ ಸಮೇತ. ಮೂರನೇ ದಿನಕ್ಕೆ ವಾರ್ಡಿನ ಒಬ್ಬ ಹೆಂಗಸು ಬಿಸಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತರು. ಒಳಗೆ ಡಿಕಾಕ್ಷನ್ ಘಮ್ಮೆನ್ನುತ್ತಿತ್ತು. ನನಗೋ ಎಲ್ಲಿ ಮುಖ ಬಚ್ಚಿಡಲಿ ಅನ್ನಿಸಿತು. ಅವರು ಒಂದು ಸಲ ಜೋರಾಗಿ ಉಸಿರೆಳೆದುಕೊಂಡು, ನಮ್ಮಜ್ಜಿ ಮನೆಯಲ್ಲೂ ಹೀಗೇ ವಾಸನೆ ಬರ್ತಿತ್ತು ಅಂದರು, ಅಷ್ಟೇ.

ಟ್ರೇಯಲ್ಲಿದ್ದದ್ದು ಆಲೂಗೆಡ್ಡೆ, ಚೀಸು, ಕೆನೆ, ಮೇಲೆ ಪುಡಿ ಮಾಡಿದ ಕಾರ್ನ್‌ಫ್ಲೇಕ್ಸ್. ಯೂಟಾದ ಮನೆಮನೆಯ ಅಡುಗೆ ಇದು. ಹೆಸರು ಫ್ಯೂನೆರಲ್ ಪೊಟೇಟೋಸ್. ಸಾವಿನ ಮನೆಗೆ ಕಳಿಸುವ ರೂಢಿಯಿಂದ ಆ ಹೆಸರು ಅಂತ ನಾನು ಅಮ್ಮನಿಗೆ ಹೇಳಲೇಬಾರದಿತ್ತು. "ಬಾಣಂತಿ ಮನೆಗೆ ಸಾವಿನ ಮನೆ ಊಟ ತರ್ತಾರೇನೇ?" ಅಂತ ಟ್ರೇ ಮುಟ್ಟಲೇ ಇಲ್ಲ. ಅದರಲ್ಲಿ ಕೋಳಿ ಸೂಪಿತ್ತು, ನನಗೂ ಆಗಲಿಲ್ಲ. ನಾವು ಸಸ್ಯಾಹಾರಿಗಳು. ಮಾರನೇ ಸಲ ಬಂದದ್ದು ಹಸಿರು ಜೆಲ್ಲಿ. ಅದರಲ್ಲಿ ಜೆಲಟಿನ್, ಅಂದರೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದದ್ದು. ಕಾಫಿ ಬೇಡ ಅನ್ನುವ ನಮ್ಮ ಆ ನಿಯಮ 1833ರದ್ದು. ಮಾಂಸ ಮಿತವಾಗಿ ತಿನ್ನಿ ಅಂತಲೂ ಅದರಲ್ಲೇ ಇದೆ. ಆ ಸಾಲಿನ ಹತ್ತಿರ ಬಂದಾಗ ಎಲ್ಲರ ಕಣ್ಣೂ ಸ್ವಲ್ಪ ಮಂಜಾಗುತ್ತದೆ ಅಂತ ಕಾಣುತ್ತೆ.

ಬಂದವರೆಲ್ಲ ಹೋಗುವಾಗ ಹೇಳುತ್ತಿದ್ದ ಮಾತು ಒಂದೇ, ಏನಾದ್ರೂ ಬೇಕಾದ್ರೆ ಹೇಳಿ. ನಾನೂ ಹಾಗೇ ತಲೆಯಾಡಿಸುತ್ತಿದ್ದೆ. ಯಾರಿಗೂ ಏನೂ ಹೇಳಲಿಲ್ಲ. ಅಮ್ಮ ಒಂದು ದಿನ ಮಗುವಿಗೆ ಎಣ್ಣೆ ಹಚ್ಚುತ್ತಾ ಕೇಳಿದರು. "ಬೇಕಾದ್ರೆ ಹೇಳಿ ಅಂದ್ರೆ ಯಾರ್ ಹೇಳ್ತಾರೆ? ನಮ್ಮೂರಲ್ಲಿ ಪಕ್ಕದ್ಮನೆಯವಳು ಹಾಗಂದಿದ್ರೆ ನೀನು ಹುಟ್ಟಿದಾಗ ನಾನು ಉಪವಾಸ ಇರ್ತಿದ್ದೆ. ಅವಳು ಬಂದು, ಪಾತ್ರೆ ತೊಳೀತೀನಿ ಜರುಗು ಅಂದ್ಲು."

ಊಟದ ಉಸ್ತುವಾರಿ ನನ್ನ ಕೈಗೆ ಬಂದಾಗ ಮೊದಲು ಬಿಟ್ಟಿದ್ದು ಆ ವಾಕ್ಯವನ್ನೇ. ಈಗ ನನ್ನ ಮೆಸೇಜ್ ಹೀಗಿರುತ್ತದೆ: "ಮಂಗಳವಾರ 5.30ಕ್ಕೆ ನಿಮ್ಮ ಬಾಗಿಲ ಹತ್ತಿರ ಊಟ ಇಟ್ಟು ಹೋಗ್ತಾರೆ. ಬೆಲ್ ಒತ್ತಲ್ಲ. ಎಷ್ಟು ಜನ, ಏನು ತಿನ್ನಲ್ಲ, ಇಷ್ಟು ಹೇಳಿ." ಬಾಗಿಲ ಪಕ್ಕ ಒಂದು ಐಸ್ ಪೆಟ್ಟಿಗೆ ಇಟ್ಟಿರಿ ಅನ್ನುತ್ತೇನೆ. ಬಾಣಂತಿ ಎದ್ದು ಬಂದು ತಲೆ ಬಾಚಿಕೊಂಡು ನಗಬೇಕಾಗಿಲ್ಲ. ಊಟ ದಿನ ಬಿಟ್ಟು ದಿನ, ಎರಡು ವಾರ. ದಿನವೂ ಕಳಿಸಿದರೆ ಫ್ರಿಜ್ ತುಂಬಿ ಅರ್ಧ ಕಸಕ್ಕೆ ಹೋಗುತ್ತದೆ. ಮೊದಲನೇ ತಿಂಗಳು ಒಂದೇ ಮನೆಗೆ ಮೂರು ಲಸಾನ್ಯ, ಅಂದರೆ ಪದರಪದರದ ಪಾಸ್ತಾ, ಹೋಗಿತ್ತು, ಅದೂ ಒಂದೇ ವಾರದಲ್ಲಿ. ಅವತ್ತಿಂದ ಯಾರು ಏನು ಮಾಡುತ್ತಾರೆ ಅಂತ ಮುಂಚೆಯೇ ಬರೆಸಿಕೊಳ್ಳುತ್ತೇನೆ. ಎಲ್ಲರಿಗೂ ಅಲ್ಯೂಮಿನಿಯಂ ಟ್ರೇಯಲ್ಲೇ ಕಳಿಸಿ ಅನ್ನುತ್ತೇನೆ. ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ಬೆಳೆದವಳು ನಾನು. ಸಕ್ಕರೆಯಾದರೂ ಹಾಕಿ ಕೊಡಬೇಕು, ಅಲ್ವಾ? ಹಸಿ ಬಾಣಂತಿಗೆ ಆ ಸಾಲವೂ ಬೇಡ.

ಏನು ತಿನ್ನಲ್ಲ ಅನ್ನುವ ಪ್ರಶ್ನೆ ಬಂದದ್ದು ನನ್ನ ತಪ್ಪಿನಿಂದಲೇ. ಒಂದು ಮನೆಗೆ ಭಾರಿ ಉತ್ಸಾಹದಿಂದ ಚಿತ್ರಾನ್ನ ಕೊಟ್ಟು ಬಂದೆ. ಕೈತುಂಬ ಕಡಲೆಬೀಜ ಹುರಿದು ಹಾಕಿದ್ದೆ. ಆ ಮನೆಯ ನಾಲ್ಕು ವರ್ಷದ ಹುಡುಗನಿಗೆ ಕಡಲೆಬೀಜ ಆಗಿಬರುವುದಿಲ್ಲ, ಗಂಟಲೇ ಊದಿಕೊಳ್ಳುತ್ತದೆ. ತಾಯಿ ಬಡಿಸುವ ಮೊದಲು ನೋಡಿದರಂತೆ. ಅವರು ಫೋನ್ ಮಾಡಿ ಮೆಲ್ಲಗೆ ಹೇಳಿದಾಗ ನನ್ನ ಕೈ ನಡುಗಿತು. ಚರ್ಚಿನವರು ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಕಳೆದುಕೊಂಡ ಮನೆಗಳಿಗೆ ಎರಡು ವಾರದ ಊಟ ಸಾಲುವುದಿಲ್ಲ. ಅವರಿಗೆ ಬಿಷಪ್ ಒಂದು ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ಬಿಷಪ್ಸ್ ಸ್ಟೋರ್‌ಹೌಸ್ ಅನ್ನುವ ಉಗ್ರಾಣಕ್ಕೆ ಹೋಗಬೇಕು. ನೋಡಲು ದಿನಸಿ ಅಂಗಡಿಯೇ, ಆದರೆ ದುಡ್ಡು ಕಟ್ಟುವ ಕೌಂಟರ್ ಇಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ, 1936ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು. ಅದರ ದುಡ್ಡು ಬರುವುದು ಉಪವಾಸದಿಂದ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಊಟ ಬಿಟ್ಟು, ಆ ಊಟದ ಖರ್ಚನ್ನು ಕೊಡುತ್ತೇವೆ. ಕೈ ಬಿಚ್ಚಿ ಕೊಡುವವರು ಇನ್ನೂ ಜಾಸ್ತಿ ಕೊಡುತ್ತಾರೆ. ಉಪವಾಸ ಅಂದ ತಕ್ಷಣ ಅಮ್ಮನ ಮುಖ ಅರಳಿತು, ಏಕಾದಶಿ ತರಾನಾ ಅಂದರು. ಅವಲಕ್ಕಿ, ಉಪ್ಪಿಟ್ಟು, ಹಣ್ಣು ಏನೂ ಇಲ್ಲ, ನೀರೂ ಇಲ್ಲ ಅಂದೆ. "ಹಾಗಾದ್ರೆ ಅದು ಉಪವಾಸವೇ" ಅಂತ ಒಪ್ಪಿಕೊಂಡರು.

ಚರ್ಚಿನ ಹೊರಗಿನ ಕೆಲಸಕ್ಕೆ ಜಸ್ಟ್‌ಸರ್ವ್ ಅನ್ನುವ ಆ್ಯಪ್ ಇದೆ. ಹತ್ತಿರದಲ್ಲಿ ಯಾವ ಸಂಸ್ಥೆಗೆ ಎಷ್ಟು ಕೈ ಬೇಕು ಅಂತ ಅದರಲ್ಲಿ ಸಿಗುತ್ತದೆ. ಯಾವ ಧರ್ಮದವರಾದರೂ ಹೋಗಬಹುದು. ಸೌತ್ ಜೋರ್ಡನ್‌ನ ಗಣೇಶ ದೇವಸ್ಥಾನಕ್ಕೆ ಹೋಗುವ ಇಬ್ಬರು ಕನ್ನಡದ ಗೆಳತಿಯರನ್ನು ಕಂಬಳಿ ಕಟ್ಟಲು ಎಳೆದುಕೊಂಡು ಹೋಗಿದ್ದೆ. ಉಣ್ಣೆಯಂಥ ಮೆತ್ತಗಿನ ಬಟ್ಟೆ ಎರಡು ಪದರ ಹಾಸಿ, ಅಂಚು ಕತ್ತರಿಸಿ, ಗಂಟು ಹಾಕುತ್ತಾ ಹೋಗುವುದು. ಹೊಲಿಗೆ ಬೇಕಿಲ್ಲ. ಮೂರು ಗಂಟೆಯಲ್ಲಿ ನಾವು ಕಟ್ಟಿದ್ದು ಎರಡು ಕಂಬಳಿ. ಆಡಿದ ಮಾತು ಮಾತ್ರ ಹತ್ತು ಕಂಬಳಿಯಷ್ಟು.

ಇಷ್ಟೆಲ್ಲ ಹೇಳಿದೆ, ಆದರೆ ಮನೆ ಸೋತದ್ದೂ ಇದೆ. ಸೋಮವಾರ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂರುವುದು ನಮ್ಮಲ್ಲಿ ರೂಢಿ, ಹಾಡು, ಪಾಠ, ಆಟ ಅಂತ. ನಾನೇ ಒಂದು ವರ್ಷ ಸೋಮವಾರಗಳನ್ನೆಲ್ಲ ಬೇರೆಯವರ ಟ್ರೇ ಹೊತ್ತು ಓಡಾಡಿ ಕಳೆದೆ. ದೊಡ್ಡವಳು ಒಂದು ದಿನ ನನ್ನ ಸರದಿ ಪಟ್ಟಿಯಲ್ಲಿ ತನ್ನ ಹೆಸರು ಬರೆದಿದ್ದಳು. ಎಷ್ಟು ಜನ: 1. ಏನು ತಿನ್ನಲ್ಲ: ಲಸಾನ್ಯ. ಈಗ ಸೋಮವಾರ ಯಾರ ಮನೆಗೂ ನಾನು ಹೋಗುವುದಿಲ್ಲ. ಆ ದಿನಕ್ಕೆ ಬೇರೊಬ್ಬರ ಹೆಸರಿದೆ.

ಹೋದ ತಿಂಗಳು ಎರಡು ಬೀದಿ ಆಚೆ ಒಬ್ಬಳಿಗೆ ಹೆರಿಗೆಯಾಯಿತು. ನನ್ನ ಸರದಿಗೆ ಮೆಣಸಿನ ಸಾರು, ಮೆತ್ತಗೆ ಅನ್ನ, ತುಪ್ಪ ಕಳಿಸಿದೆ. ಖಾರ ಅಂತ ಹೆದರಿ ಮೆಣಸು ಅರ್ಧ ಮಾಡಿದ್ದೆ. ಮಾರನೇ ದಿನ ಮೆಸೇಜ್ ಬಂತು. ಆ ಕಪ್ಪು ಸೂಪ್ ಇನ್ನೊಂದು ಸಲ ಸಿಗುತ್ತಾ, ಈ ಸಲ ಮೆಣಸು ಸ್ವಲ್ಪ ಜಾಸ್ತಿ ಇರಲಿ ಅಂತ. ಅಮ್ಮನಿಗೆ ಓದಿ ಹೇಳಿದೆ. ಅವರು ಒಂದು ಮಾತೂ ಆಡದೆ ಎದ್ದು ಹೋದರು. ಫೋನಲ್ಲಿ ಮಿಕ್ಸಿ ಸದ್ದು ಕೇಳಿಸಿತು.