ಹಳೇ ಅಕ್ವೇರಿಯಂ ಪುಸ್ತಕ ಓದುವ ಬಗೆ

ಅಮೆರಿಕದ ಇನ್ನೆಸ್ ಬರೆದ 1935ರ ‘ಎಕ್ಸಾಟಿಕ್ ಅಕ್ವೇರಿಯಂ ಫಿಶಸ್’ ಥರದ ಹಳೇ ಪುಸ್ತಕ ಸಿಕ್ಕರೆ ಮೊದಲು ಅದು ಯಾವ ದೇಶದ್ದು ನೋಡಿ. ಅಮೆರಿಕದ ಗ್ಯಾಲನ್ ಸುಮಾರು 3.8 ಲೀಟರ್, ಬ್ರಿಟನ್ನಿನದು 4.5. ಬ್ರಿಟಿಷ್ ಪುಸ್ತಕದ ಔಷಧವನ್ನು ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ ಹಾಕಿದರೆ ಐದರಲ್ಲೊಂದು ಪಾಲು ಹೆಚ್ಚಾಗುತ್ತದೆ. ಸಣ್ಣ ತೊಟ್ಟಿಯಲ್ಲಿ ಅಷ್ಟೇ ಸಾಕು, ಮೀನು ಮೇಲೆ ತೇಲಲು.

ಮೀನಿನ ವೈಜ್ಞಾನಿಕ ಹೆಸರು ಹುಡುಕುವಾಗ ಎರಡನೇ ಪದ ಹಿಡಿಯಿರಿ. ನಿಯಾನ್ ಟೆಟ್ರಾ ಮೀನು ಮೊದಲು ಹೈಫೆಸೊಬ್ರೈಕಾನ್ ಇನ್ನೆಸಿ, ಈಗ ಪ್ಯಾರಾಕೈರೊಡಾನ್ ಇನ್ನೆಸಿ. ಮೊದಲ ಪದ, ಅಂದರೆ ಕುಲ, ಬದಲಾದರೂ ‘ಇನ್ನೆಸಿ’ ಉಳಿದಿದೆ.

ಮೊಟ್ಟೆ, ಮರಿ, ಜಗಳದ ವರ್ಣನೆ ಇವತ್ತಿಗೂ ನಂಬಬಹುದು. ಕಣ್ಣಾರೆ ಕಂಡು ಬರೆದದ್ದು. ‘ಗಿಡ ಇದ್ದರೆ ತೊಟ್ಟಿ ತಾನೇ ಸಮತೋಲನದಲ್ಲಿರುತ್ತದೆ’ ಅನ್ನುವುದನ್ನು ಮಾತ್ರ ಬಿಡಿ. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಬರುವ ವಿಷ, ಅಮೋನಿಯ, ಅರಗಿಸುವ ಬ್ಯಾಕ್ಟೀರಿಯಾ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಹೀಟರ್ ಪಾಠ ಚಳಿನಾಡಿನವರಿಗೆ: ಪುಸ್ತಕದ 78 ಫ್ಯಾರನ್‌ಹೀಟ್ ಅಂದರೆ 25–26 ಡಿಗ್ರಿ. ಕಾರವಾರದ ಸೆಕೆಯಲ್ಲಿ ನೀರು ಅದನ್ನು ದಾಟಿರುತ್ತದೆ.

ಶಿರಸಿಯ ಮಳೆಗಾಲದಲ್ಲಿ ಪುಸ್ತಕ ತೊಟ್ಟಿಯ ಹತ್ತಿರ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ನುಣುಪು ಚಿತ್ರಹಾಳೆಗಳು ಅಂಟಿಕೊಂಡರೆ ಎಳೆಯಬೇಡಿ. ಎಳೆದರೆ ಮೀನಿನ ಬಣ್ಣ ಎದುರಿನ ಪುಟಕ್ಕೆ ಕಿತ್ತು ಬರುತ್ತದೆ.